ಕಾಡಿನಾಚೆಯ ತಂಗಿ

ಗುಂಡ್ಲುಪೇಟೆ ಸಂತೆಗೆ ಹೋದಾಗೆಲ್ಲ ಪುಟ್ಟಸಿದ್ದಮ್ಮ ಉಪ್ಪು, ಮೆಣಸಿನಕಾಯಿ ಕೊಂಡ ಮೇಲೆ ನೇರವಾಗಿ ಊರಿಗೆ ಮರಳುತ್ತಿರಲಿಲ್ಲ. ವೈನಾಡಿನ ಕಡೆಯಿಂದ ಬಂದ ಗಾಡಿಗಳು ಎತ್ತು ಬಿಚ್ಚಿ ನಿಲ್ಲುವಲ್ಲಿಗೆ ಹೋಗಿ ಗಾಡಿಯವರನ್ನು ಕೇಳುತ್ತಿದ್ದಳು.

“ಅಣ್ಣಯ್ಯ, ಕಾಪಿ ತೋಟದ ಕಡೆಯಿಂದ ಬಂದ್ರಾ? ಅಲ್ಲಿ ಸಣ್ಣಮ್ಮ ಅಂತ ಯಾರಾರ ಅವ್ರಾ? ಕುದೇರಿನೋಳು. ಗಂಡನ ಎಸ್ರು ಮಾದೇವ. ಮಾತಿಗೊಂದು ಸಲ ನಗ್ತಾಳೆ.”

ಅವಳ ಗುರುತು ಸಿಕ್ಕಿದ್ದ ಕೆಲವರು ಅವಳು ಹತ್ತಿರ ಬರುವ ಮೊದಲೇ ‘ಇಲ್ಲ’ ಎಂದು ದೂರದಿಂದಲೇ ಕೈಯಾಡಿಸುತ್ತಿದ್ದರು. ಆದರೂ ಅವಳು ಹತ್ತಿರ ಹೋಗಿ, ಕೇಳಿ, ಬಾಯಿಂದ ‘ಇಲ್ಲ’ ಅನ್ನಿಸಿಕೊಂಡೇ ಬರುತ್ತಿದ್ದಳು.

ಸಣ್ಣಮ್ಮ ಅವಳ ಒಡಹುಟ್ಟಿದ ತಂಗಿ. ಕುದೇರಿನಲ್ಲಿ ತಾಯಿ ತೀರಿಕೊಂಡಾಗ ಇನ್ನೂ ಲಂಗದ ಹುಡುಗಿ. ಆಗಷ್ಟೇ ಮದುವೆಯಾಗಿದ್ದ ಪುಟ್ಟಸಿದ್ದಮ್ಮ ಅವಳನ್ನು ತನ್ನ ಗಂಡನ ಊರಿಗೇ ಕರೆತಂದಳು. ಗುಂಡ್ಲುಪೇಟೆಯಿಂದ ವೈನಾಡಿನ ದಾರಿಯಲ್ಲಿರುವ ಮದ್ದೂರಿನ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ, ಹೊಲಗಳು ಮುಗಿದು ಕಾಡು ಶುರುವಾಗುವ ಜಾಗದಲ್ಲಿದೆ ಆ ಊರು. ಗಂಡ ಬೀರಯ್ಯ ಕೂಲಿ ಮಾಡುವವನು, ಬೆಳೆ ಬಂದಾಗ ರಾತ್ರಿ ಅಟ್ಟಣೆ ಮೇಲೆ ಕೂತು ಆನೆ ಕಾಯುವವನು. ನಾದಿನಿಯನ್ನು ಕರೆತರುವ ಮಾತು ಬಂದಾಗ, “ಇಟ್ಟು ಒಂದ್ ಇಡಿ ಜಾಸ್ತಿ ಉಯ್ದರಾಯ್ತು, ಕರ್ಕಂಡು ಬಾ” ಎಂದಿದ್ದ.

ತನ್ನ ಮಗ ಗುರುಮಲ್ಲಯ್ಯ ಹುಟ್ಟಿದ ಮೇಲೂ ಅಕ್ಕನೇ ಅವಳ ತಲೆ ಬಾಚಿದಳು, ಅಕ್ಕನೇ ಮೈನೆರೆದಾಗ ಆರತಿ ಎತ್ತಿದಳು, ಮಾದೇವನಿಗೆ ಕೊಟ್ಟು ಮದುವೆಯನ್ನೂ ಮಾಡಿದಳು. ಯುದ್ಧದ ಕಾಲ ಅದು. ಕಾಫಿ ತೋಟದ ಮೇಸ್ತ್ರಿಯೊಬ್ಬ ಆಳು ಹುಡುಕಿಕೊಂಡು ಬಂದ. ಅವನ ಹಿಂದೆ ಹೋದವರಲ್ಲಿ ಈ ಹೊಸ ಗಂಡಹೆಂಡಿರೂ ಇದ್ದರು. “ಹಣ್ಣು ಕುಯ್ದು ಮುಗುದ್ ತಕ್ಷಣ ಬಂದ್ಬುಡ್ತೀನಿ ಕಣಕ್ಕ” ಎಂದು ಸಣ್ಣಮ್ಮ ನಗುತ್ತಲೇ ಗಾಡಿ ಹತ್ತಿದಳು. ಎರಡು ಗೌರಿ ಹಬ್ಬಕ್ಕೆ ಬಂದಳು. ಆಮೇಲೆ ಬರಲಿಲ್ಲ. ಆ ತೋಟದ ಆಳುಗಳೆಲ್ಲ ಚಳಿಜ್ವರದಲ್ಲಿ ಹೋದರು ಎಂದರು ಯಾರೋ. ವೈನಾಡಿನ ಬತ್ತೇರಿ ಪೇಟೆಯಲ್ಲಿ ಅವಳನ್ನು ಕಂಡಂತಾಯಿತು ಎಂದರು ಇನ್ನಾರೋ. ಬೀರಯ್ಯ ಒಮ್ಮೆ ಹುಡುಕಿಕೊಂಡು ಹೋಗಿ, ತೋಟದ ಹೆಸರೇ ಗೊತ್ತಿಲ್ಲದೆ ಅಲೆದು, ತಾನೇ ಜ್ವರ ಹತ್ತಿಸಿಕೊಂಡು ಬಂದ.

ಅಂದಿನಿಂದ ಪುಟ್ಟಸಿದ್ದಮ್ಮನಿಗೆ ಆ ರಸ್ತೆಯ ಮೇಲೊಂದು ಕಣ್ಣು. ಹೊಲದಲ್ಲಿ ಕಳೆ ಕೀಳುತ್ತಿದ್ದವಳು ಬಸ್ಸಿನ ಸದ್ದಾದರೆ ಸೊಂಟ ನೆಟ್ಟಗೆ ಮಾಡಿ ನಿಲ್ಲುವಳು. ಬಸ್ಸು ನಿಲ್ಲದೆ ಹೋದರೆ ಮತ್ತೆ ಬಾಗುವಳು. ಜೊತೆಯ ಹೆಂಗಸರು ಮೊದಮೊದಲು ನಗುತ್ತಿದ್ದರು, ಆಮೇಲೆ ನಗುವುದನ್ನು ಬಿಟ್ಟರು.

ಐವತ್ಮೂರನೇ ಇಸವಿಯ ಸುಮಾರಿಗೆ ಅದೇ ರಸ್ತೆಯಲ್ಲಿ ಬೇರೆಯವರು ಬಂದಿಳಿದರು. ಆ ಕಡೆ ಅಕ್ಕಿಗೆ ಕಷ್ಟವಾಗಿ, ಭೂಮಿ ಹುಡುಕಿಕೊಂಡು ಬಂದ ಮಲಯಾಳದ ಸಂಸಾರಗಳು. ಗಂಗಾಧರಸ್ವಾಮಿ ಎಂಬ ಜಮೀನುದಾರರು ಕಾಡಂಚಿನಲ್ಲಿ ಬೀಳು ಬಿದ್ದಿದ್ದ ತಮ್ಮ ಹೊಲವನ್ನು ಅವರಿಗೆ ಗುತ್ತಿಗೆಗೆ ಕೊಟ್ಟರು. ಅವರು ಬಿದಿರು ಕಡಿದು ಗುಡಿಸಲು ಹಾಕಿದರು, ಮರಗೆಣಸು ನೆಟ್ಟರು, ಆನೆಯನ್ನೂ ತಾವೇ ಕಾದರು. ಬೇರೆ ಹೊಲಗಳವರೂ ಅವರನ್ನೇ ಕೆಲಸಕ್ಕೆ ಕರೆಯತೊಡಗಿದರು. ಸಿಕ್ಕಿದ ಕೂಲಿಗೆ ಅವರು ಒಪ್ಪುತ್ತಿದ್ದರು. ಬೀರಯ್ಯ ಬೆಳಗ್ಗೆ ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದವನು ಹೊತ್ತೇರುವ ಮೊದಲೇ ವಾಪಸು ಬಂದು ಜಗುಲಿಯ ಮೇಲೆ ಸುಮ್ಮನೆ ಕೂರುವುದು ಹೆಚ್ಚಾಯಿತು.

ಹಾಗಾಗಿ ಆ ಜನರ ಮೇಲೆ ಪುಟ್ಟಸಿದ್ದಮ್ಮನಿಗೂ ಸಿಟ್ಟಿತ್ತು. ಬಾವಿಕಟ್ಟೆಯಲ್ಲಿ ಒಂದು ದಿನ ಆ ಪೈಕಿಯ ಹೆಂಗಸೊಬ್ಬಳು ಸರದಿ ತಪ್ಪಿಸಿ ಹಗ್ಗ ಇಳಿಬಿಟ್ಟು ಕೊಡ ತುಂಬಿಕೊಂಡಳು. ಪುಟ್ಟಸಿದ್ದಮ್ಮ ಅವಳ ಕೊಡವನ್ನು ಕಾಲಿನಿಂದ ಸರಿಸಿದಳು. ಕೊಡ ಉರುಳಿ, ತುಂಬಿದ್ದ ನೀರೆಲ್ಲ ಚೆಲ್ಲಿತು. ಆ ಹೆಂಗಸು ಜಗಳಕ್ಕೆ ನಿಲ್ಲದೆ ಕೊಡವನ್ನೆತ್ತಿ ಅದು ನೆಗ್ಗಿದೆಯೇ ಎಂದು ನೋಡಿ, ಸೆರಗಿನಿಂದ ಒರೆಸಿಕೊಂಡು ಸರದಿಯ ಕೊನೆಗೆ ಹೋಗಿ ನಿಂತಳು. ಅವಳ ಹೆಸರು ಚಿರುತ. ಊರಿನವರ ಬಾಯಲ್ಲಿ ಅದು ‘ಚಿರತೆ’ ಆಗಿತ್ತು. ಮಕ್ಕಳು ಅವಳನ್ನು ಕಂಡರೆ ಗುರ್ ಎಂದು ಓಡುತ್ತಿದ್ದವು.

ಮರುದಿನ ಬಾವಿಯ ಹತ್ತಿರ ಊರಿನವರು ಬೇರೆ ಯಾರೂ ಇರಲಿಲ್ಲ. ಚಿರುತ ತನ್ನ ಜೊತೆಯವಳಿಗೆ ಏನೋ ಹೇಳುವಾಗ ‘ಬತ್ತೇರಿ’ ಎಂದದ್ದು ಪುಟ್ಟಸಿದ್ದಮ್ಮನ ಕಿವಿಗೆ ಬಿತ್ತು. ಸಿಟ್ಟು ಎಲ್ಲಿ ಹೋಯಿತೋ.

“ಲೇ ಅಮ್ಮಿ, ನೀನು ಬತ್ತೇರಿಯೋಳಾ?”

“ಅದೇ ಚೇಚಿ. ಅಲ್ಲಿಂದ ಆಚೆ,” ಎಂದಳು ಚಿರುತ. ಅಕ್ಕ ಎನ್ನುವುದಕ್ಕೆ ಅವಳ ಮಾತಿನಲ್ಲಿ ಚೇಚಿ.

“ಅಲ್ಲಿ ಕಾಪಿ ತೋಟದಲ್ಲಿ ನಮ್ ಕಡೆಯೋರು, ಕನ್ನಡದೋರು ಅವ್ರಾ?”

“ತುಂಬ ಇದ್ದಾರೆ. ಲೈನಿನಲ್ಲಿ ಇರ್ತಾರೆ,” ಎಂದು ಚಿರುತ ಕೈಯಿಂದ ಸಾಲುಮನೆಗಳನ್ನು ಗಾಳಿಯಲ್ಲಿ ಬರೆದು ತೋರಿಸಿದಳು.

ಪುಟ್ಟಸಿದ್ದಮ್ಮ ಕೊಡ ಕೆಳಗಿಟ್ಟು ಕೂತೇಬಿಟ್ಟಳು. ಅಂದಿನಿಂದ ಇಬ್ಬರೂ ಒಂದೇ ಹೊತ್ತಿಗೆ ನೀರಿಗೆ ಬರತೊಡಗಿದರು. ಚಿರುತಳ ಕನ್ನಡ ಮುರುಕಲು, ಪುಟ್ಟಸಿದ್ದಮ್ಮನಿಗೆ ಮಲಯಾಳ ಬಾರದು. ಆದರೂ ಆ ತೋಟ ಹೇಗಿರುತ್ತದೆ, ಅಲ್ಲಿನವರು ಏನು ಉಣ್ಣುತ್ತಾರೆ, ಮಳೆಗೆ ತಲೆಯ ಮೇಲೆ ಏನು ಹಾಕಿಕೊಳ್ಳುತ್ತಾರೆ, ಎಲ್ಲವನ್ನೂ ಕೇಳಿ ತಿಳಿದಳು. ಚಿರುತ ಹೇಳಿದ ಪ್ರತಿ ಮಾತಿನೊಳಗೂ ಅವಳು ತಂಗಿಯನ್ನು ತಂದು ಕೂರಿಸುತ್ತಿದ್ದಳು. ಬೀರಯ್ಯನಿಗೆ ಇದು ಹಿಡಿಸಲಿಲ್ಲ.

“ನನ್ ಅನ್ನ ಕಿತ್ಕಂಡೋರ್ ಜೊತೆ ನಿಂಗೇನು ಮಾತು?”

“ಸಣ್ಣಿ ಇರೋ ಸೀಮೆಯಿಂದ ಬಂದವ್ಳೆ ಕಣ,” ಎಂದಷ್ಟೇ ಅವಳು ಹೇಳಿದಳು. ಅವನು ಮುಖ ತಿರುಗಿಸಿದ.

ಮುಂದಿನ ಬೇಸಿಗೆ ಕೆಟ್ಟದಾಗಿ ಬಂತು. ಬಾವಿಯಲ್ಲಿ ಹಗ್ಗ ಸಾಲದೆ ಮೊಳ ಸೇರಿಸಬೇಕಾಯಿತು. ಹಿಂದೆಯೇ ಚಳಿಜ್ವರ. ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರು ತಂದ ಮದ್ದು ಮಧ್ಯಾಹ್ನಕ್ಕೇ ಮುಗಿದುಹೋಗುತ್ತಿತ್ತು. ಜ್ವರವನ್ನು ತಂದವರೇ ಮಲಯಾಳದವರು ಎಂದು ಊರು ಮಾತಾಡಿತು. ಮಾರಮ್ಮನ ಗುಡಿಯ ಮುಂದೆ ಪಂಚಾಯ್ತಿ ಸೇರಿತು. ಮಲಯಾಳದವರ ಪರವಾಗಿ ಚಿರುತಳ ಗಂಡ ಕಣಾರನನ್ನು ಕರೆಸಿದ್ದರು. ಹೆಂಗಸರು ಗೋಡೆಯ ನೆರಳಿನಲ್ಲಿ ನಿಂತಿದ್ದರು.

ಪಂಚಾಯ್ತಿಯ ಹಿರಿಯ ಪುಟ್ಟಬಸಪ್ಪ ಸಿಟ್ಟಿನವರಲ್ಲ. ಅಂದು ಅವರ ದನಿ ಒಡೆದಿತ್ತು. “ನಂಗೆ ಯಾರ್ ಮ್ಯಾಲೂ ದ್ವೇಷ ಇಲ್ಲ. ಇರೋದು ಒಂದ್ ಬಾವಿ. ಡಾಕ್ಟ್ರು ತರೋದು ಒಂದ್ ಡಬ್ಬ ಮದ್ದು. ನನ್ ಮೊಮ್ಮಗ ನಡುಗ್ತಾ ಮಲಗಿದ್ದಾಗ ಆ ಡಬ್ಬ ಬರಿದಾಗಿತ್ತು. ನೂರು ಜನಕ್ಕೆ ಅಂತ ಕೊಟ್ಟಿದ್ನ ಇನ್ನೂರು ಜನ ಉಂಡ್ರೆ ಏನ್ ಮಾಡದು?”

“ಆನೆಗೆ ಎದ್ರಿ ನನ್ ಒಲ ನೀವ್ಯಾರೂ ಮುಟ್ನಿಲ್ಲ. ಅವ್ರು ಮುಟ್ಟುದ್ರು, ಬೆಳೆದ್ರು. ಅದು ತಪ್ಪಾ?” ಎಂದರು ಗಂಗಾಧರಸ್ವಾಮಿ.

ಬೀರಯ್ಯ ಎದ್ದು ನಿಂತ. “ಬುದ್ದಿ, ನಿಮ್ ಒಲ ಬೆಳೀತು. ನಮ್ಮನೆ ಒಲೆ ಆರೋಯ್ತು.”

ಕೂಲಿಯವರೆಲ್ಲ ಹೌದು ಹೌದು ಎಂದರು. ಕಣಾರನನ್ನು ಕೇಳಿದಾಗ ಅವನು ನೆಲ ನೋಡುತ್ತ, “ಬಾವಿ ನಾವೇ ತೋಡ್ತೇವೆ. ತೋಡುವ ತನಕ ನೀರು ಬೇಕಲ್ಲ, ಸ್ವಾಮಿ” ಎಂದ. ಯಾರೋ ಹಿಂದಿನಿಂದ, “ಬಂದ್ ದಾರೀಲೇ ಓಗಿ, ಅಲ್ಲಿ ತೋಡ್ಕಳಿ” ಎಂದು ಕೂಗಿದರು.

ಆಗ ಪುಟ್ಟಸಿದ್ದಮ್ಮ ಬಾಯಿ ತೆರೆದಳು. ಪಂಚಾಯ್ತಿಯಲ್ಲಿ ಹೆಂಗಸು ಮಾತಾಡಿದ್ದನ್ನು ಆ ಊರು ಅದುವರೆಗೆ ಕಂಡಿರಲಿಲ್ಲ.

“ನಮ್ ಸಣ್ಣೀನೂ ಈಗ ಎಲ್ಲೋ ಯಾರ್ದೋ ಬಾವಿ ತಾವ ಕೊಡ ಇಡ್ಕಂಡು ನಿಂತಿರ್ತಾಳೆ. ಅಲ್ಲಿನೋರು ಓಗು ಅಂದ್ರೆ ಅವ್ಳು ಎಲ್ಗೆ ಓಗ್ಬೇಕು?”

ಪುಟ್ಟಬಸಪ್ಪನವರೇ ಮೆತ್ತಗೆ, “ಅದು ನಿನ್ ಸಂಕಟ ಕಣವ್ವ. ಆದ್ರೆ ನಿನ್ ಸಂಕಟದಿಂದ ಬಾವೀಲಿ ನೀರು ಉಕ್ತದಾ?” ಎಂದರು. ಬೀರಯ್ಯ ತಲೆ ತಗ್ಗಿಸಿ ಕೂತಿದ್ದ. ನಾಚಿಕೆಯಿಂದಲೋ ನಾದಿನಿಯ ನೆನಪಿನಿಂದಲೋ ಯಾರಿಗೂ ತಿಳಿಯಲಿಲ್ಲ.

ಹೊತ್ತು ಇಳಿಯುವ ತನಕ ವಾದ ನಡೆದು ಒಂದು ತೀರ್ಮಾನವಾಯಿತು. ಊರಿನವರು ಸೇದಿ ಮುಗಿಸಿದ ಮೇಲೆ ಮಲಯಾಳದವರು ನೀರು ಸೇದಬೇಕು. ಮಳೆಗಾಲದೊಳಗೆ ತಮ್ಮ ಬಾವಿ ತೋಡಬೇಕು. ಗಂಗಾಧರಸ್ವಾಮಿಗಳು ಕೆಲಸಕ್ಕೆ ಊರಿನ ಆಳುಗಳನ್ನೂ ಸಮನಾಗಿ ಕರೆಯಬೇಕು, ಒಂದೇ ಕೂಲಿ ಕೊಡಬೇಕು. ಹೆಚ್ಚು ಮದ್ದು ಕೇಳಿ ತಾಲೂಕು ಕಚೇರಿಗೆ ಅರ್ಜಿ ಹಾಕಬೇಕು. ಮದ್ದು ಬರಲು ಬಹಳ ಕಾಲ ಹಿಡಿಯಿತು. ಅದಕ್ಕೆ ಮುಂಚೆಯೇ ಮಲಯಾಳದ ಕೆಲವು ಸಂಸಾರಗಳು ಗುಡಿಸಲು ಬಿಚ್ಚಿ ಹೊರಟುಹೋದವು. ಚಿರುತಳ ಸಂಸಾರ ಉಳಿಯಿತು. ಮೊದಲು ತೋಡಿದ ಕಡೆ ಬಂಡೆ ಸಿಕ್ಕಿತು. ಎರಡನೆಯ ಕಡೆ ತೋಡಲು ಬೀರಯ್ಯನೂ ಕೂಲಿಗೆ ಹೋದ. ಹೋದ ಮೊದಲ ವಾರ ಅವನೂ ಕಣಾರನೂ ಮಾತಾಡಲಿಲ್ಲ. ನೀರಿನ ಪಸೆ ಕಂಡ ದಿನ ಇಬ್ಬರೂ ಕೆಸರು ಮೆತ್ತಿದ ಕೈಯಲ್ಲೇ ಒಂದೇ ಬೀಡಿ ಸೇದಿದರು.

ಆ ಬಾವಿಯ ನೀರು ಕುಡಿಯತೊಡಗಿದ ಮೇಲೆ ಚಿರುತ ಊರ ಬಾವಿಗೆ ಬರಬೇಕಿರಲಿಲ್ಲ. ಆದರೂ ಒಂದು ಬೆಳಗ್ಗೆ ಬರಿಗೈಯಲ್ಲಿ ಓಡಿಬಂದಳು. ಅವಳ ಅಣ್ಣ ಆ ಕಡೆಯಿಂದ ಸುದ್ದಿ ತಂದಿದ್ದ. ಬತ್ತೇರಿಯಿಂದಾಚೆಯ ಒಂದು ತೋಟದ ಲೈನಿನಲ್ಲಿ ಸಣ್ಣಮ್ಮ ಎನ್ನುವವಳು ಇದ್ದಾಳೆ. ಕುದೇರು ಎಂದರೆ ಅಳುತ್ತಾಳೆ.

ರಾಜ್ಯಗಳ ಗಡಿಯನ್ನು ಹೊಸದಾಗಿ ಎಳೆದ ವರ್ಷ ಅದು. ಮದರಾಸಿಗೆ ಸೇರಿದ್ದ ಆ ಸೀಮೆ ಕೇರಳವಾಗಿತ್ತು. ಕಾರ್ತಿಕ ಕಳೆದ ಮೇಲೆ ಪುಟ್ಟಸಿದ್ದಮ್ಮ ಚಿರುತಳ ಜೊತೆ ಬಸ್ಸು ಹತ್ತಿದಳು. ರಸ್ತೆಯ ತನಕ ಬಂದಿದ್ದ ಬೀರಯ್ಯ, “ಸಿಕ್ಕುದ್ರೆ ಕರ್ಕಂಡೇ ಬಾ. ಮಕ್ಳಿದ್ರೆ ಅವ್ರನ್ನೂವೆ” ಎಂದ.

ತೋಟ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಕಾಫಿ ಹಣ್ಣು ಕುಯ್ಯುವ ಹೆಂಗಸರು ಬುಟ್ಟಿ ಹೊತ್ತು ಸಾಲಾಗಿ ಬರುತ್ತಿದ್ದರು. ಪುಟ್ಟಸಿದ್ದಮ್ಮ ಒಬ್ಬೊಬ್ಬರ ಮುಖವನ್ನೂ ಹುಡುಕಿದಳು. ತಾನು ಕಳಿಸಿಕೊಟ್ಟ ಹುಡುಗಿ ಅಲ್ಲಿ ಇರಲಿಲ್ಲ. ಬತ್ತಿದ ಕೆನ್ನೆಯ ಹೆಂಗಸೊಬ್ಬಳು ಸಾಲಿನಿಂದ ಹೊರಗೆ ಬಂದು, ಬುಟ್ಟಿ ಇಳಿಸಿ, ಎದುರಿಗೆ ನಿಂತಳು.

“ಅಕ್ಕ, ಯಾಕಿಂಗೆ ನರೆತೋಗಿದ್ದೀಯಾ?”

ಪುಟ್ಟಸಿದ್ದಮ್ಮ ತಂಗಿಯ ತಲೆಯ ಮೇಲಿದ್ದ ಎಲೆ, ಕಸವನ್ನು ಒಂದೊಂದಾಗಿ ತೆಗೆಯುತ್ತ ನಿಂತಳು.

ಮಾದೇವ ಜ್ವರದಲ್ಲಿ ಸತ್ತು ಬಹಳ ವರ್ಷಗಳಾಗಿದ್ದವು. ಮಗಳೊಬ್ಬಳು, ಮಗನೊಬ್ಬ. ಮಗಳು ಬಂದು ಕಾಲು ಮುಟ್ಟಿ “ವಲ್ಯಮ್ಮ” ಎಂದಳು. ದೊಡ್ಡಮ್ಮ ಎನ್ನುವುದು ಆ ಹುಡುಗಿಯ ನಾಲಿಗೆಗೆ ಬರಲಿಲ್ಲ.

“ಯಾಕೆ ಬರ್ನಿಲ್ಲ ಸಣ್ಣಿ? ಒಂದ್ ಮಾತು ಯೋಳಿ ಕಳಿಸ್ಬಾರ್ದಾಗಿತ್ತಾ?”

“ಯಾವ ಮೊಕ ಇಟ್ಕಂಡು ಬರ್ಲಕ್ಕ? ಬಾವ ದುಡುದ್ರೆ ಊಟ, ಇಲ್ದಿದ್ರೆ ಉಪಾಸ. ಗಂಡ ಸತ್ತೋಳು ಎರಡು ಮಕ್ಳ ಕಟ್ಕಂಡು ಮತ್ತೆ ನಿನ್ ಮನೆ ಬಾಗ್ಲಿಗೆ ಬರ್ಲಾ? ಸತ್ತೋದ್ಲು ಅಂತ ಮರ್ತುಬುಡ್ಲಿ ಅಂದ್ಕಂಡೆ.”

“ಮರ್ತಿದ್ರೆ ಚೆನ್ನಾಗಿತ್ತು,” ಎಂದಳು ಅಕ್ಕ.

ಸಂಜೆ ಲೈನಿನ ಮುಂದೆ ಕೂತಾಗ ಸಣ್ಣಮ್ಮ ಹೇಳಿದಳು, “ಇಲ್ಲೂ ಮೀಟಿಂಗ್ ಆಯ್ತವೆ ಅಕ್ಕ. ಮೈಸೂರ್ ಕಡೆಯೋರು ಬಂದು ಕೂಲಿ ಇಳಿಸ್ಬುಟ್ರು, ಅವ್ರ್ನ ಕಳಿಸಿ ಅಂತಾರೆ.”

“ಅವ್ರು ಅನ್ನೋದು ಸುಳ್ಳಾ?”

“ಸುಳ್ಳಲ್ಲ. ಮೇಸ್ತ್ರಿ ನಮ್ಮನ್ನ ಕರ್ಕಂಡ್ ಬಂದಿದ್ದೇ ಅದಕ್ಕೆ. ಆದ್ರೆ ಈಗ ಎಲ್ಗೆ ಓಗದು?”

ಪುಟ್ಟಸಿದ್ದಮ್ಮನಿಗೆ ಗುಡಿಯ ಮುಂದೆ ಎದ್ದು ನಿಂತಿದ್ದ ಗಂಡನ ಮುಖ ನೆನಪಾಯಿತು. ಅವನ ಸಂಕಟವೂ ಸುಳ್ಳಾಗಿರಲಿಲ್ಲ.

ಊರಿಗೆ ಬಾ ಎಂದು ಬಗೆಬಗೆಯಾಗಿ ಕರೆದಳು. ಮಗಳಿಗೆ ಅಲ್ಲೇ ಗಂಡು ಗೊತ್ತಾಗಿತ್ತು, ಮಗ ಅಲ್ಲೇ ಶಾಲೆಗೆ ಹೋಗುತ್ತಿದ್ದ. ಸಣ್ಣಮ್ಮ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಬದಲಿಗೆ ಕುದೇರಿನ ಹೊಲದಲ್ಲಿ ಈಗ ಅವರೆ ಹೂ ಬಿಟ್ಟಿರುತ್ತದಲ್ಲವೇ ಎಂದು ಕೇಳಿದಳು. “ಇಲ್ಲೂ ಅವರೆಕಾಯಿ ಸಿಕ್ತದೆ ಅಕ್ಕ. ಸೊಗಡಿಲ್ಲ,” ಎಂದು, ಅಷ್ಟು ಹೊತ್ತು ತಡೆದದ್ದನ್ನೆಲ್ಲ ಅಳತೊಡಗಿದಳು.

ಪುಟ್ಟಸಿದ್ದಮ್ಮ ಚಿರುತಳೊಡನೆ ಬಂದಂತೆಯೇ ಮರಳಿದಳು. ತಂಗಿ ಬದುಕಿದ್ದಾಳೆಂದು ಊರೆಲ್ಲ ಸಂತೋಷಪಟ್ಟಿತು. ಆದರೆ ಅವಳ ಹಂಬಲ ಕಡಿಮೆಯಾಗಲಿಲ್ಲ. ಈಗ ತಂಗಿಯ ಮನೆಯ ಬಾಗಿಲು ಗೊತ್ತು, ಆ ಬಾಗಿಲಿನ ತಗ್ಗು ಹೊಸಿಲು ಗೊತ್ತು, ಸಂಜೆ ಅವಳು ಯಾವ ದಾರಿಯಲ್ಲಿ ಬುಟ್ಟಿ ಹೊತ್ತು ಬರುತ್ತಾಳೆಂದು ಗೊತ್ತು. ಮಳೆ ಹಿಡಿದರೆ, ಅಲ್ಲಿ ಸೂರು ಸೋರುವುದೆಂದು ಇಲ್ಲಿ ನಿದ್ದೆ ಬಾರದು.

ಐವತ್ತೊಂಬತ್ತರಲ್ಲಿ ಪುಟ್ಟಸಿದ್ದಮ್ಮನ ಮಗ ಗುರುಮಲ್ಲಯ್ಯನ ಮದುವೆಗೆ ಸಣ್ಣಮ್ಮ ಬಂದಳು. ಚಪ್ಪರದ ಕೆಳಗೆ ಚಿರುತ, ಸಣ್ಣಮ್ಮ, ಊರಿನ ಹೆಂಗಸರು ಸೇರಿ ಅಕ್ಕಿ ಆರಿಸಿದರು. ಬೀರಯ್ಯ ನಾದಿನಿಗೆ ತಾನೇ ಮುಂದೆ ನಿಂತು ಬಡಿಸಿದ. ಇರು, ಇನ್ನೆರಡು ದಿನ ಇರು ಎಂದು ಎಲ್ಲರೂ ಹಿಡಿದರು. ಆದರೆ ಅವಳಿಗೆ ಕೆಲಸ ತಪ್ಪಿದರೆ ಲೈನಿನ ಮನೆಯೂ ತಪ್ಪುತ್ತಿತ್ತು.

ಕಳಿಸಲು ಹೋದ ಪುಟ್ಟಸಿದ್ದಮ್ಮ ರಸ್ತೆಯಲ್ಲಿ ನಿಲ್ಲಲಾರದೆ ತಾನೂ ಬಸ್ಸು ಹತ್ತಿದಳು. ಮದ್ದೂರಿನ ತನಕ ತಂಗಿಯ ಪಕ್ಕದಲ್ಲಿ ಕೂತಿದ್ದಳು. ಕಾಡು ದಟ್ಟವಾಗುವ ಮೊದಲು ಕಂಡಕ್ಟರು “ಇಳೀರಮ್ಮ” ಎಂದು ಕರೆದಾಗ ಇಳಿದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು. ಅದರ ಸದ್ದು ಮಾತ್ರ ಮರಗಳ ನಡುವೆ ಬಹಳ ಹೊತ್ತು ಕೇಳುತ್ತಿತ್ತು. ಅದು ಪೂರ್ತಿ ಅಡಗುವವರೆಗೂ ಅವಳು ಅಲ್ಲೇ ನಿಂತಿದ್ದು, ಆಮೇಲೆ ಸೆರಗು ತಲೆಗೆ ಹೊದ್ದು ಊರಿನ ಕಡೆ ನಡೆದಳು.