ಮಂಗಲ ಕಾರ್ಯಾಲಯದ ಗೂಟಗಳು

ನೆಲದಲ್ಲೊಂದು ಗೂಟ ಕಂಡರೆ ಅದಕ್ಕೆ ಏನನ್ನಾದರೂ ಕಟ್ಟಬೇಕೆನ್ನಿಸುವುದು ಮನುಷ್ಯನ ಹುಟ್ಟುಗುಣ. ರೈತ ಎಮ್ಮೆ ಕಟ್ಟುತ್ತಾನೆ, ನನ್ನ ಹೆಂಡತಿ ಬಟ್ಟೆ ಒಣಹಾಕಲು ಹಗ್ಗ ಕಟ್ಟುತ್ತಾಳೆ. ಹಳೆಯ ಶಾಸನಗಳಲ್ಲಿ ಹೊಲದ ಮೇರೆ ಹೇಳುವಾಗ ಮೂಡಣಕ್ಕೆ ಹುತ್ತ, ತೆಂಕಣಕ್ಕೆ ಹಳ್ಳ, ಪಡುವಣಕ್ಕೆ ನೆಟ್ಟ ಕಲ್ಲು ಎಂದೆಲ್ಲ ಕೆತ್ತಿಸಿದ್ದಾರೆ. ಗೂಟವನ್ನು ಮಾತ್ರ ಯಾರೂ ನಂಬಿದಂತಿಲ್ಲ. ಅವರು ಬನಹಟ್ಟಿಯ ನಮ್ಮ ಓಣಿಗೆ ಬಂದು ಬುದ್ಧಿ ಕಲಿತು ಹೋಗಿರಬೇಕು.

ಓಣಿಯ ಕೊನೆಗೆ ಒಂದು ಉದ್ದನೆಯ ಬಯಲಿದೆ. ನಸುಕಿನಲ್ಲಿ ನೇಕಾರರ ಹೆಣ್ಣುಮಕ್ಕಳು ಅಲ್ಲಿ ಗೂಟದಿಂದ ಗೂಟಕ್ಕೆ ಹಾಸು ಚಾಚುತ್ತಾರೆ. ಹಾಸೆಂದರೆ ಸೀರೆಯ ಉದ್ದಕ್ಕೆ ಬರುವ ನೂಲು. ಅದಕ್ಕೆ ಗಂಜಿ ಹಚ್ಚಿ, ಕುಂಚದಿಂದ ತೀಡಿ, ಬಿಗಿಯಾಗಿ ಎಳೆದು ಒಣಗಿಸಿದ ಮೇಲೇ ಮಗ್ಗಕ್ಕೆ ಏರಿಸುವುದು. ನಮ್ಮ ಪಕ್ಕದ ಮನೆಯ ಗಂಗವ್ವನಿಗೆ ಗಂಡನಿಲ್ಲ, ಸ್ವಂತ ಮಗ್ಗವಿಲ್ಲ. ಊರವರ ನೂಲಿಗೆ ಗಂಜಿ ಹಚ್ಚಿಯೇ ಆಕೆ ಸಂಸಾರ ನಡೆಸಿದವಳು.

ಬಯಲು ಮಾತ್ರ ಸೀರೆ ವ್ಯಾಪಾರದ ಮಲ್ಲೇಶಪ್ಪನವರದು. ಅವರಿಗೆ ಅಲ್ಲಿ ಕೆಳಗೆ ಅಂಗಡಿಗಳು, ಮೇಲೊಂದು ಮಂಗಲ ಕಾರ್ಯಾಲಯ ಕಟ್ಟುವ ಮನಸ್ಸಾಯಿತು. ಒಳ್ಳೆಯ ಮನುಷ್ಯ, ಓಣಿಯವರನ್ನು ಒಂದು ಮಾತು ಕೇಳೋಣವೆಂದು ರವಿವಾರ ಆ ಬಯಲಲ್ಲೇ ಸಭೆ ಕರೆದರು. ಜಮಖಂಡಿಯಿಂದ ಬಂದ ಗುತ್ತಿಗೆದಾರ ನಕ್ಷೆ ಬಿಡಿಸಿ ತೋರಿಸಿದ. ನಕ್ಷೆ ಕೈಗೆ ಬಂದವರೆಲ್ಲ ಮೊದಲು ಹುಡುಕಿದ್ದು ತಂತಮ್ಮ ಮನೆಯನ್ನು. ಅದು ಅದರಲ್ಲಿರಲಿಲ್ಲವಾದ್ದರಿಂದ ನಕ್ಷೆಯೇ ಸರಿಯಿಲ್ಲ ಎಂದು ಅರ್ಧ ಜನ ತೀರ್ಮಾನಿಸಿದರು. ಮದುವೆಗೆ ಬಂದ ಹೆಣ್ಣುಮಕ್ಕಳಿದ್ದ ಇನ್ನರ್ಧ ಜನ ಕಾರ್ಯಾಲಯ ಬೇಕೇ ಬೇಕೆಂದರು.

ಸಾಲಿ ಮಾಸ್ತರನಾದ ನಾನು ಗಾಳಿ, ಬೆಳಕು, ನಾಗರಿಕತೆ ಕುರಿತು ದೀರ್ಘವಾಗಿ ಮಾತಾಡಿದೆ. ಭಾಷಣ ಚೆನ್ನಾಗಿತ್ತು, ನಾನು ಯಾವ ಪಕ್ಷವೆಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲವಂತೆ. ಕೊನೆಗೆ ಗಂಗವ್ವ ಎದ್ದು ನಿಂತಳು.

"ಜಾಗಾ ನಿಮ್ದ ಐತ್ರಿ ಮಲ್ಲೇಶಣ್ಣಾರ, ಖರೆ. ನಾ ಹಾಸು ಎಲ್ಲಿ ಚಾಚ್ಲಿ? ನಿಮ್ಮ ಕಾರ್ಯಾಲಯದ ಮಾಳಗಿ ಮ್ಯಾಲೇನ್ರಿ?"

"ನೋಡೂಣು ತಡಿ ಗಂಗಕ್ಕ," ಎಂದರು ಮಲ್ಲೇಶಪ್ಪ. ನಮ್ಮ ಕಡೆ 'ನೋಡೂಣು' ಎಂದರೆ ಆ ವಿಷಯವನ್ನು ಇನ್ನು ನೋಡುವುದಿಲ್ಲ ಎಂದರ್ಥ. ಸಭೆ ಚಹಾ ಕುಡಿದು ಎದ್ದಿತು, ಗುತ್ತಿಗೆದಾರ ಸಂಜೆಯೊಳಗೆ ಅಡಿಪಾಯದ ಗುರುತಿಗೆ ಸಾಲಾಗಿ ಗೂಟ ಬಡಿಸಿ ಹೋದ.

ಮರುದಿನ ಬೆಳಿಗ್ಗೆ ಗುತ್ತಿಗೆದಾರ ಗುದ್ದಲಿಯಾಳುಗಳೊಂದಿಗೆ ಬಂದರೆ, ಅವನ ಗೂಟಗಳ ತುಂಬ ಹಸಿ ಹಾಸು! ಗಂಜಿ ಕಲಸುವ ಗಡಿಬಿಡಿಯಲ್ಲಿ ಸಭೆಯಿಂದ ದೂರವೇ ಉಳಿದಿದ್ದ ಹೆಣ್ಣುಮಕ್ಕಳು, ಮಬ್ಬುಗತ್ತಲಲ್ಲಿ ಹೊಸ ಗೂಟ ಕಂಡು ಹಿಗ್ಗಿ ಹೋಗಿದ್ದರು. "ಯಾರೋ ಪುಣ್ಯಾತ್ಮರು ಛಲೋ ಗಟ್ಟಿ ಗೂಟ ಹೊಡಿಸ್ಯಾರ ನೋಡ್ರಿ ಮಾಸ್ತರ," ಎಂದು ಒಬ್ಬಳು ನನಗೇ ಹೇಳಿದಳು. ಕಟ್ಟಡ ಕಟ್ಟುವವರಿಗೆ ಅಡಿಪಾಯ ಕಂಡೀತು. ನೇಕಾರರ ಕಣ್ಣಿಗೆ ಸಾಲಾಗಿ ನೆಟ್ಟ ಗೂಟವೆಂದರೆ ಹಾಸಿನ ಗೂಟವೇ.

ಗುತ್ತಿಗೆದಾರ ಸಿಟ್ಟಿಗೆದ್ದು ಒಂದು ಗೂಟ ಕೀಳಲು ಬಗ್ಗಿದ. ಅಷ್ಟರಲ್ಲಿ ಬಂದ ಮಲ್ಲೇಶಪ್ಪ ದೂರದಿಂದಲೇ ಕೂಗಿದರು: "ಏ, ಕೈ ಹಚ್ಚಬ್ಯಾಡೋ! ಹಸೀ ಹಾಸೈತಿ, ಗಂಟು ಬೀಳತೈತಿ!"

ಆ ದನಿ ವ್ಯಾಪಾರಿಯದಾಗಿರಲಿಲ್ಲ. ಅವರಪ್ಪ ಮಗ್ಗದಲ್ಲಿ ಕೂತು ನೇಯ್ದವರು. ಎಳೆದು ಕಟ್ಟಿದ ಹಾಸನ್ನು ಕೆಡಿಸುವುದು ಆ ಮನೆತನದಲ್ಲಿ ಉಣ್ಣುವವರ ತಾಟು ಎಳೆದಷ್ಟೇ ಕೆಟ್ಟದ್ದು. ಹಾಸು ಒಣಗಲೆಂದು ಮಲ್ಲೇಶಪ್ಪ ಬೇವಿನ ನೆರಳಲ್ಲಿ ಕಾಯುತ್ತ ಕೂತರು. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ, ಹರಿದಿದ್ದ ಎಳೆಯೊಂದನ್ನು ಬೆರಳಲ್ಲಿ ಹೊಸೆದು ಕೂಡಿಸಿದರು. ಇನ್ನೊಂದು ಕಂಡಿತು. ಹಾಗೇ ಆ ತುದಿಯವರೆಗೆ ಹೋದರು. ತಿರುಗಿ ಬರುವಾಗ ಗಂಗವ್ವನ ಮುಂದೆ ನಿಂತು, "ಉದ್ದಕ ಎಷ್ಟ ಬೇಕವಾ ನಿನಗ?" ಎಂದು ಕೇಳಿದರು. ನನ್ನ ಭಾಷಣ ಮಾಡಲಾರದ್ದನ್ನು ತುಂಡು ನೂಲು ಮಾಡಿತ್ತು. ನನಗೆ ಹೊಟ್ಟೆಕಿಚ್ಚೂ ಆಯಿತು, ಸಂತೋಷವೂ ಆಯಿತು.

ಕಾರ್ಯಾಲಯ ಎದ್ದಿತು, ಬಯಲಿನ ಒಂದೇ ಅಂಚಿಗೆ, ಅಗಲವಿಲ್ಲದೆ ಉದ್ದಕ್ಕೆ. ಅಲ್ಲಿ ಊಟಕ್ಕೆ ಒಂದೇ ಪಂಗತಿ. ಸಾರು ಬಡಿಸುವವನು ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿಯವರು ಕೈ ತೊಳೆದಿರುತ್ತಾರೆ. ಆದರೂ ಓಣಿಯ ಮದುವೆಗಳೆಲ್ಲ ಅಲ್ಲೇ ನಡೆಯುತ್ತವೆ. ಅಂದಿನಿಂದ ನಮ್ಮಲ್ಲೊಂದು ರೂಢಿ: ಯಾರು ಏನೇ ಕಟ್ಟಲಿ, ಮೊದಲು ಗೂಟ ಬಡಿದು, ಅದಕ್ಕೆ ಹಾಸು ಬೀಳುತ್ತದೋ ಎಂದು ಒಂದು ಬೆಳಗು ಕಾಯಬೇಕು. ಈ ರೂಢಿಯ ದೊಡ್ಡ ಪ್ರಚಾರಕ ನಾನೇ.

ಮೊನ್ನೆ ನನಗೂ ಬಯಲಿಗೆ ತಾಗಿದ ನನ್ನ ಖಾಲಿ ಜಾಗದಲ್ಲೊಂದು ಓದುವ ಕೋಣೆ ಬೇಕೆನ್ನಿಸಿತು. ಜಾಗ ನನ್ನದೇ, ಯಾರ ಹಂಗೂ ಇಲ್ಲ. ಬಲು ಧೈರ್ಯದಿಂದ ಗೂಟ ಬಡಿದು ಮಲಗಿದೆ. ಬೆಳಿಗ್ಗೆ ಕಿಟಕಿ ತೆರೆದರೆ ಬಿಳಿಯ ಹಾಸು ಬಿಸಿಲಿಗೆ ಮಿನುಗುತ್ತಿತ್ತು. ಕುಂಚ ಹಿಡಿದ ಗಂಗವ್ವ ತಲೆಯೆತ್ತಿ, "ಗೂಟ ಭಾಳ ಬಿಗಿ ಹೊಡದೀರಿ ಮಾಸ್ತರ," ಎಂದು ಮೆಚ್ಚಿಕೊಂಡಳು. ಅಂದಿನ ಹೆಣ್ಣುಮಕ್ಕಳ ಹಾಗೆ ತಪ್ಪಿ ಕಟ್ಟಿದಳೋ, ತಿಳಿದೇ ಕಟ್ಟಿದಳೋ, ನಾನು ಕೇಳಲಿಲ್ಲ. ಇದನ್ನು ಹಳೆಯ ಪಡಸಾಲೆಯಲ್ಲೇ ಕೂತು ಬರೆಯುತ್ತಿದ್ದೇನೆ. ಗಂಜಿಯ ವಾಸನೆ ಇಲ್ಲಿಯವರೆಗೂ ಬರುತ್ತಿದೆ.