ನನ್ನ ಕೈಗಳು ಶರ್ಲಿಯ ಹಿಡಿತದಲ್ಲಿದ್ದವು

ಸತ್ತವರು ಬರುತ್ತಾರೆ ಎಂದರೆ ನಗುತ್ತಿದ್ದವಳು ನಾನು. ಈಗ ನಗುವುದಿಲ್ಲ, ನಂಬಿದ್ದೇನೆ ಎಂದೂ ಹೇಳಲಾರೆ.

ನನ್ನ ಅಕ್ಕ ಹಿಲ್ಡಾ ಗಲ್ಫಿನಲ್ಲಿ ನರ್ಸ್ ಆಗಿದ್ದಳು. ಮಂಗಳೂರಿನ ಜೆಪ್ಪುವಿಗೆ ಮರಳಿದ ಮೇಲೆ ತರಬೇತಿ ಪಡೆದು ಡೌಲಾ ಆದಳು. ಡೌಲಾ ಮದ್ದು ಕೊಡುವವಳಲ್ಲ, ಹೆರಿಗೆ ಮಾಡಿಸುವವಳೂ ಅಲ್ಲ. ನೋವು ಶುರುವಾದಲ್ಲಿಂದ ಮಗು ಹುಟ್ಟುವವರೆಗೆ ಪಕ್ಕ ಬಿಡದೆ ಇರುವವಳು. ಸೊಂಟ ಒತ್ತುತ್ತಾಳೆ, ನೀರು ಕುಡಿಸುತ್ತಾಳೆ, ಉಸಿರು ಬಿಡಲು ನೆನಪಿಸುತ್ತಾಳೆ. ಹೆದರಿಕೆ ಇಳಿದರೆ ಮೈ ಸಡಿಲವಾಗುತ್ತದೆ ಎಂದು ಅಕ್ಕ ಹೇಳುತ್ತಿದ್ದಳು. ಕೈ ಹಿಡಿದು ಕೂರಲು ಎಂತ ತರಬೇತಿ ಎಂದು ನಾನು ಕೆಣಕಿದಾಗ ಅವಳೆಂದದ್ದು: “ನಿನ್ನ ಹೆರಿಗೆಗೆ ನಾನು ಇದ್ದಿದ್ದರೆ ನೀನು ನರ್ಸಿನ ಕೈ ಕಚ್ಚುತ್ತಿರಲಿಲ್ಲ ಮಾರಾಯ್ತಿ.”

ನನ್ನ ಮಗಳು ಶರ್ಲಿ ಬಸುರಿಯಾದಾಗ ಅಕ್ಕ ಸಂಜೆ ಹೊತ್ತು ಬಂದು ಅವಳಿಗೆ ಅಭ್ಯಾಸ ಮಾಡಿಸುತ್ತಿದ್ದಳು. ದಿನ ತುಂಬುವ ಮೊದಲೇ ಅಕ್ಕ ಹೃದಯಾಘಾತದಿಂದ ತೀರಿಕೊಂಡಳು. ಬೇರೆ ಡೌಲಾ ಬೇಡವೆಂದು ಶರ್ಲಿ ಹಟ ಹಿಡಿದಳು. ಹೀಗೆ ಕೊಡಿಯಾಲ್‌ಬೈಲಿನ ಆಸ್ಪತ್ರೆಯ ಕೋಣೆಯಲ್ಲಿ, ಏನೂ ತಿಳಿಯದ ನಾನು ಅವಳ ಜೊತೆಗೆ ನಿಂತೆ.

ಮಧ್ಯಾಹ್ನವಾದರೂ ಹೆರಿಗೆ ಮುಂದೆ ಸಾಗಲಿಲ್ಲ. ಹೀಗೇ ಇದ್ದರೆ ಆಪರೇಷನ್ ಮಾಡಬೇಕಾದೀತು ಎಂದು ಡಾಕ್ಟರ್ ಹೇಳಿ ಹೋದರು. ಶರ್ಲಿ ಹೆದರಿ ಮರದ ಹಾಗೆ ಬಿಗಿದುಕೊಂಡಿದ್ದಳು. ಮಂಚದ ಅಂಚಿಗೆ ಕೂತು, ಹಣೆಯನ್ನು ನನ್ನ ಭುಜಕ್ಕೆ ಒತ್ತಿ, ನನ್ನ ಎರಡೂ ಕೈಗಳನ್ನು ಬಲವಾಗಿ ಹಿಡಿದಿದ್ದಳು.

ಆಗ ಅವಳು ಮೆಲ್ಲಗೆ, “ಹಾಂ, ಅಲ್ಲಿಯೇ. ಬಿಡಬೇಡ,” ಎಂದಳು.

ನರ್ಸ್ ಬಂದಿರಬೇಕೆಂದು ಅವಳ ಭುಜದ ಮೇಲಿಂದ ನೋಡಿದೆ. ಹಿಂದೆ ಖಾಲಿ ಮಂಚ, ಕಿಟಕಿ, ಅಷ್ಟೇ. ಪ್ರತಿ ನೋವಿಗೂ ಅವಳು ಅದನ್ನೇ ಹೇಳಿದಳು. ಮೈ ಸಡಿಲವಾಯಿತು, ಉಸಿರು ಉದ್ದವಾಯಿತು. ಸಂಜೆಗೆ ಆಪರೇಷನ್ ಇಲ್ಲದೆ ಹೆಣ್ಣು ಮಗು ಹುಟ್ಟಿತು.

ಆಮೇಲೆ ಶರ್ಲಿಯ ಬಟ್ಟೆ ಬದಲಿಸುತ್ತಿದ್ದ ನರ್ಸ್ ನನ್ನನ್ನು ಕರೆದು, ಸೊಂಟದ ಎರಡೂ ಬದಿ ಕೆಂಪಾಗಿರುವುದನ್ನು ತೋರಿಸಿದಳು. “ಇಷ್ಟು ಜೋರಾಗಿ ಒತ್ತುವುದಾ ಆಂಟಿ?”

ಶರ್ಲಿ ನಕ್ಕಳು. “ಮಮ್ಮಿ, ಇದನ್ನೆಲ್ಲ ಹಿಲ್ಡಾ ಮಾವ್ಶಿಯಿಂದ ಯಾವಾಗ ಕಲಿತದ್ದು ನೀನು?”

ನಾನು ಮಗುವನ್ನು ಎತ್ತಿಕೊಂಡು ಕಿಟಕಿಯ ಬಳಿ ಹೋದೆ.

ಮಂಚದ ಕಂಬಿ ಒತ್ತಿರಬಹುದು. ಅಷ್ಟು ಸಂಜೆಗಳ ಅಭ್ಯಾಸ ಮೈಯಲ್ಲಿ ಉಳಿದು, ನೋವಿನಲ್ಲಿ ಹಾಗೆ ಅನ್ನಿಸಿರಬಹುದು. ಹೀಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಅವಳು ಕೂತದ್ದು ಕಂಬಿಯಿಂದ ದೂರ.

ಈಗ ಶರ್ಲಿ ಎರಡನೆಯ ಬಾರಿ ಗರ್ಭಿಣಿ. ಒಳ್ಳೆಯ ಡೌಲಾ ಒಬ್ಬರು ಇದ್ದಾರೆಂದು ಯಾರೋ ಹೇಳಿದರೆ, “ಎಂತಕ್ಕೆ? ನನಗೆ ಮಮ್ಮಿ ಉಂಟಲ್ಲ,” ಎಂದುಬಿಟ್ಟಳು. ಅಂದು ಒತ್ತಿದ್ದು ನಾನಲ್ಲ ಎಂದು ನಿಜ ಹೇಳಿದರೆ ಅವಳ ಧೈರ್ಯ ಹೋದೀತು. ಹೇಳದಿದ್ದರೆ, ಸೊಂಟ ಎಲ್ಲಿ ಒತ್ತಬೇಕೆಂದೂ ಗೊತ್ತಿಲ್ಲದ ನನ್ನನ್ನೇ ನಂಬಿ ಅವಳು ಒಳಗೆ ಹೋಗುತ್ತಾಳೆ. ಆ ಕೋಣೆಯಲ್ಲಿ ಈ ಸಲ ನಾನೊಬ್ಬಳೇ ಇರುತ್ತೇನೋ ಏನೋ, ನನಗೆ ಗೊತ್ತಿಲ್ಲ.