ಕೇರೆಹಾವಿನ ಅಜ್ಜಿ

ಭೇರ್ಯದಲ್ಲಿ ನಮ್ಮ ಪಕ್ಕದ ಗದ್ದೆಯ ಅಜ್ಜಿ ಕೇರೆಹಾವನ್ನು ಹೊಡೆಯಲು ಯಾರನ್ನೂ ಬಿಡುತ್ತಿರಲಿಲ್ಲ. ಭತ್ತ ತಿನ್ನುವ ಇಲಿಗಳನ್ನು ಅದು ತಿನ್ನುತ್ತದಲ್ಲ! ಯಾರಾದರೂ ಕೋಲೆತ್ತಿದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡ್ಡ ನಿಲ್ಲುತ್ತಿದ್ದರು. "ಅದ್ಕೂ ಹೊಟ್ಟೆ ಐತೆ, ಬುಡ್ರಪ್ಪ."

ಒಂದು ಬೆಳಿಗ್ಗೆ ಕೇರೆ ಅವರ ಕೋಳಿಗೂಡಿಗೇ ನುಗ್ಗಿ ಮರಿಗಳನ್ನು ನುಂಗಿತು. ಕೂಗು ಕೇಳಿ ನಾವು ಓಡಿದೆವು. ಹೊಟ್ಟೆ ಉಬ್ಬಿದ ಹಾವು ಗೂಡಿನ ಮೂಲೆಯಲ್ಲಿ ಬಿದ್ದಿತ್ತು. ಅಜ್ಜಿಯ ಕೈಯಲ್ಲಿ ದೊಣ್ಣೆ.

"ಈಗೇನ್ ಅಂತೀಯಜ್ಜಿ?" ಎಂದ ನಮ್ಮಣ್ಣ.

ದೊಣ್ಣೆ ಮೇಲೆದ್ದಿತು. ಆಮೇಲೆ ಅದನ್ನು ಗೋಡೆಗೆ ಒರಗಿಸಿ, ಉಳಿದಿದ್ದ ಒಂದೇ ಮರಿಯನ್ನು ಮಡಿಲಿಗೆ ಹಾಕಿಕೊಂಡು, ಅಜ್ಜಿ ಹಾವಿನ ಜೊತೆಯೇ ಜಗಳಕ್ಕೆ ನಿಂತರು:

"ಗದ್ದೆ ತುಂಬ ಇಲಿ ಮಡಗಿದ್ನಲ್ಲೋ, ಸಾಲ್ದೆ ಓಯ್ತಾ ನಿಂಗೆ?"